ಕಬ್ಬಿಣ ಹೊರುವ ಹಮಾಲ, ಜೀವಕೋಶದ ಬಾಗಿಲು
(ಕದರಮಂಡಲಗಿಯ ತಾಯಂದಿರ ಮತ್ತು ರೈತ ಬಾಂಧವರ ಮುಂದೆ ಮಾಡಿದ ಭಾಷಣ)



ಬಸುರಿಯಾದ ಹೆಣ್ಣುಮಗಳಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಗುಳಿಗೆಯನ್ನು ನೀವೆಲ್ಲರೂ ಕಂಡಿದ್ದೀರಿ. ಕೆಲವರು ಅದನ್ನು ತಪ್ಪದೆ ನುಂಗುತ್ತಾರೆ. ಕೆಲವರು ಒಂದು ವಾರ ನುಂಗಿ, ಹೊಟ್ಟೆ ತೊಳಸುತ್ತದೆಂದು ಮಾಡದ ಮೇಲೆ ಇಟ್ಟುಬಿಡುತ್ತಾರೆ. "ಗುಳಿಗೆ ನುಂಗಿದೆ, ರಕ್ತ ಏರಲಿಲ್ಲ" ಎನ್ನುವವರೂ ಇದ್ದಾರೆ. "ಕಬ್ಬಿಣ ತಿಂದರೆ ಕೂಸು ಕರ್ರಗೆ ಹುಟ್ಟುತ್ತದೆ" ಎಂದು ಸೊಸೆಯ ಕೈಯಿಂದ ಕಸಿದು ಹಿತ್ತಲಿಗೆ ಎಸೆಯುವ ಅತ್ತೆಯರ ಮಾತನ್ನೂ ಕೇಳಿದ್ದೇವೆ. ಈ ಮಾತುಗಳಿಗೆ ಬರಿಯ "ನುಂಗಿರಿ, ನುಂಗಿರಿ" ಎಂಬ ಉಪದೇಶದಿಂದ ಉತ್ತರ ದೊರೆಯುವುದಿಲ್ಲ. ಗುಳಿಗೆಯ ಕಬ್ಬಿಣ ಬಾಯಿಂದ ಹೊರಟು, ರಕ್ತ ಹುಟ್ಟುವ ಎಲುಬಿನ ಒಳಗಿನವರೆಗೆ ಯಾವ ದಾರಿಯಲ್ಲಿ ಹೋಗುತ್ತದೆ, ಅಲ್ಲಿ ಅದನ್ನು ಯಾರು ಬರಮಾಡಿಕೊಳ್ಳುತ್ತಾರೆ ಎಂಬುದನ್ನು ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಇಂದು ಆ ದಾರಿಯ ಮಾತನ್ನೇ ಆಡುತ್ತೇನೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ನಡುವೆ ಒಂದೆರಡು ಹೊಸ ಹೆಸರು ಬರುತ್ತವೆ, ಹೆದರಬೇಕಾಗಿಲ್ಲ.

೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ೧೫ರಿಂದ ೪೯ ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ೪೮ ಮಂದಿಗೆ ರಕ್ತಹೀನತೆ ಕಂಡುಬಂದಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೫. ಅಂದರೆ ಒಂದು ಓಣಿಯಲ್ಲಿ ಎದುರುಬದುರು ಎರಡು ಮನೆಗಳಿದ್ದರೆ, ಒಂದು ಮನೆಯ ತಾಯಿ ಹೆಚ್ಚುಕಡಿಮೆ ಈ ಲೆಕ್ಕದಲ್ಲಿ ಬಂದಳು. ಮೆಣಸಿನಕಾಯಿ ಬಿಡಿಸುವಾಗ ಬೇಗ ದಣಿವು, ಮೆಟ್ಟಲು ಏರಿದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ — ಇವನ್ನು ನಾವು ರೋಗವೆಂದು ಎಣಿಸುವುದೇ ಇಲ್ಲ. ಆದರೆ ಹೆರಿಗೆಯ ಹೊತ್ತಿನಲ್ಲಿ ಲೆಕ್ಕ ಬೇರೆಯಾಗುತ್ತದೆ. ತುಂಬಿದ ಕೊಡದಿಂದ ಎರಡು ತಂಬಿಗೆ ಚೆಲ್ಲಿದರೆ ಮನೆತನ ನಡೆಯುತ್ತದೆ. ತಳದಲ್ಲಿ ಎರಡೇ ತಂಬಿಗೆ ಇದ್ದು ಅದೂ ಚೆಲ್ಲಿದರೆ ಏನು ಗತಿ? ರಕ್ತ ಕಡಿಮೆ ಇದ್ದ ಬಾಣಂತಿಯ ಪ್ರಾಣಕ್ಕೆ ಅಪಾಯ ಬರುವುದು ಹೀಗೆಯೇ.

ಈಗ ಕಬ್ಬಿಣದ ವಿಚಾರ. ಬೆಳೆದ ಮನುಷ್ಯನ ಮೈಯಲ್ಲಿ ಇರುವ ಕಬ್ಬಿಣ ಎಲ್ಲ ಸೇರಿ ಮೂರು-ನಾಲ್ಕು ಗ್ರಾಮು. ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಬಹುಪಾಲು ರಕ್ತದ ಕೆಂಪುಕಣಗಳ ಹಿಮೋಗ್ಲೋಬಿನ್ನಿನಲ್ಲಿದೆ. ಉಸಿರಿನ ಆಮ್ಲಜನಕವನ್ನು ಪುಪ್ಪುಸದಿಂದ ಕೈಕಾಲಿನ ತುದಿಯವರೆಗೆ ಹೊತ್ತು ತರುವುದು ಈ ಹಿಮೋಗ್ಲೋಬಿನ್. ಕೆಂಪುಕಣದ ಆಯುಷ್ಯ ಸುಮಾರು ೧೨೦ ದಿನ. ಹಳೆಯವು ಹೋದಂತೆ ಹೊಸವು ಹುಟ್ಟಬೇಕು. ಎಲುಬಿನ ಒಳಗಿನ ಮಜ್ಜೆಯಲ್ಲಿ ಒಂದು ಸೆಕೆಂಡಿಗೆ ಸುಮಾರು ಇಪ್ಪತ್ತು ಲಕ್ಷ ಕೆಂಪುಕಣಗಳು ಹುಟ್ಟುತ್ತವೆ. ನಾನು ಈ ವಾಕ್ಯ ಹೇಳಿ ಮುಗಿಸುವುದರೊಳಗೆ ನಿಮ್ಮಲ್ಲಿ ಒಬ್ಬೊಬ್ಬರ ಮೈಯಲ್ಲೂ ಅಂಥವು ಕೋಟಿಯ ಹತ್ತಿರ ಹುಟ್ಟಿ ಆಯಿತು. ಇಷ್ಟು ಕೆಲಸಕ್ಕೆ ದಿನಕ್ಕೆ ಇಪ್ಪತ್ತು ಮಿಲಿಗ್ರಾಮಿಗೂ ಮೇಲ್ಪಟ್ಟು ಕಬ್ಬಿಣ ಬೇಕು. ಊಟದಿಂದ ನಮ್ಮ ಕರುಳು ಹೀರಿಕೊಳ್ಳುವುದಾದರೋ ದಿನಕ್ಕೆ ಒಂದೆರಡು ಮಿಲಿಗ್ರಾಮು ಮಾತ್ರ. ಉಳಿದದ್ದೆಲ್ಲ ಹಳೆಯ ಕಣಗಳನ್ನು ಒಡೆದು, ಅದೇ ಕಬ್ಬಿಣವನ್ನು ತಿರುಗಿ ಹೊಸ ಕಣಕ್ಕೆ ಹಾಕಿದ್ದು. ಹಳೆಯ ಮನೆಯ ತೊಲೆ-ಜಂತಿ ತೆಗೆದು ಹೊಸ ಮನೆ ಕಟ್ಟಿದಂತೆ.

ಹಾಗಾದರೆ ಈ ಕಬ್ಬಿಣ ರಕ್ತದಲ್ಲಿ ಹೇಗೆ ಸಾಗುತ್ತದೆ? ಸಕ್ಕರೆ ನೀರಿನಲ್ಲಿ ಕರಗಿದಂತೆ ತಾನೇ ತೇಲಿಕೊಂಡು ಹೋಗುತ್ತದೆಯೇ? ಇಲ್ಲ; ಹೋಗಬಾರದು. ಬಿಡಿ ಕಬ್ಬಿಣ ಮೈಯೊಳಗೆ ಕೆಂಡವಿದ್ದಂತೆ. ಅದು ಮುಟ್ಟಿದ ಜೀವಕೋಶವನ್ನು ಕೆಡಿಸುತ್ತದೆ. ಅದೂ ಅಲ್ಲದೆ ರೋಗದ ಕ್ರಿಮಿಗಳಿಗೂ ಕಬ್ಬಿಣ ಬೇಕು. ಬಿಡಿಯಾಗಿ ಸಿಕ್ಕರೆ ಅವು ಉಂಡು ಕೊಬ್ಬುತ್ತವೆ. ಆದ್ದರಿಂದ ನಮ್ಮ ಪಿತ್ತಜನಕಾಂಗವು ಕಬ್ಬಿಣ ಹೊರುವುದಕ್ಕೆಂದೇ ಒಂದು ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದರ ಹೆಸರು ಟ್ರಾನ್ಸ್‌ಫೆರಿನ್. ೧೯೪೦ರ ದಶಕದಲ್ಲಿ ಇದನ್ನು ಗುರುತಿಸಿದರು. ಈ ಹೆಸರನ್ನು ಇಟ್ಟದ್ದು ಸ್ವೀಡನ್ ದೇಶದಲ್ಲಿ, ೧೯೪೭ರಲ್ಲಿ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನಿಮಗೆ ಗೊತ್ತು. ಅಂಗಳದ ತುಂಬ ಕೆಂಪು ರಾಶಿ, ಚೀಲ ಹೊತ್ತ ಹಮಾಲರು. ಟ್ರಾನ್ಸ್‌ಫೆರಿನ್ ಎಂಬುದು ಅಂಥ ಒಬ್ಬ ಹಮಾಲ. ಇವನಿಗೆ ಎರಡು ಹೆಗಲು. ಒಂದೊಂದು ಹೆಗಲಿನ ಮೇಲೆ ಕಬ್ಬಿಣದ ಒಂದೊಂದೇ ಅಣು. ಎರಡಕ್ಕಿಂತ ಹೆಚ್ಚು ಹೊರುವುದಿಲ್ಲ, ಹೊತ್ತದ್ದನ್ನು ದಾರಿಯಲ್ಲಿ ಕೆಳಗೆ ಇಡುವುದಿಲ್ಲ. ಕೈ ಜಾರಿತೆಂಬ ಮಾತೇ ಇಲ್ಲ; ಅಷ್ಟು ಬಿಗಿಯಾದ ಹಿಡಿತ. ಆರೋಗ್ಯವಂತರಲ್ಲಿ ಎಲ್ಲ ಹೆಗಲುಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ತುಂಬಿರುತ್ತದೆ, ಉಳಿದವು ಖಾಲಿ. ಇದು ಸೋಮಾರಿತನವಲ್ಲ. ಒಮ್ಮೆಲೇ ಹೆಚ್ಚು ಸರಕು ಬಂದರೆ ಹೊರುವುದಕ್ಕೆ ಆಳು ಇರಲಿ ಎಂಬ ಏರ್ಪಾಡು. ಈ ಖಾಲಿ ಹೆಗಲಿನ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಹಮಾಲನೇನೋ ಹೊತ್ತು ತಂದ. ಆದರೆ ಜೀವಕೋಶಕ್ಕೆ ಸುತ್ತಲೂ ಎಣ್ಣೆಯಂಥ ಪದರದ ಗೋಡೆ ಇದೆ. ಇಷ್ಟು ದೊಡ್ಡ ಪ್ರೋಟೀನು, ಅದರ ಮೇಲೆ ಹೊರೆ ಬೇರೆ, ಆ ಗೋಡೆಯನ್ನು ತೂರಿ ಹೋಗಲಾರದು. ಅಲ್ಲಿಯೇ ಇರುವುದು ಈ ಕಥೆಯ ಸ್ವಾರಸ್ಯ. ಮಜ್ಜೆಯಲ್ಲಿ ಕೆಂಪುಕಣವಾಗಲು ಸಿದ್ಧವಾಗುತ್ತಿರುವ ಎಳೆಯ ಜೀವಕೋಶದ ಹೊರಮೈಯಲ್ಲಿ ಸಾವಿರಾರು, ಲಕ್ಷಾಂತರ ಕೈಗಳು ಚಾಚಿಕೊಂಡಿರುತ್ತವೆ. ಅವೂ ಪ್ರೋಟೀನುಗಳೇ. ಇವಕ್ಕೆ ಗ್ರಾಹಿ ಎನ್ನುತ್ತಾರೆ. ಡಾಕ್ಟರರ ಬಾಯಲ್ಲಿ ರಿಸೆಪ್ಟರ್. ಒಂದೊಂದು ಬಗೆಯ ಗ್ರಾಹಿ ಒಂದೊಂದು ಬಗೆಯ ಸರಕನ್ನು ಮಾತ್ರ ಹಿಡಿಯುತ್ತದೆ, ಕೀಲಿ ಕೈಗೆ ತಕ್ಕ ಕೀಲಿಯಂತೆ. ಟ್ರಾನ್ಸ್‌ಫೆರಿನ್ನಿನ ಗ್ರಾಹಿ ಜೋಡಿಯಾಗಿರುತ್ತದೆ. ಇಬ್ಬರು ಹಮಾಲರನ್ನು ಒಟ್ಟಿಗೆ ಹಿಡಿಯುತ್ತದೆ. ಇನ್ನೊಂದು ಜಾಣತನ ನೋಡಿರಿ: ಹೊರೆ ಹೊತ್ತ ಹಮಾಲನನ್ನು ಅದು ಗಟ್ಟಿಯಾಗಿ ಹಿಡಿಯುತ್ತದೆ, ಬರಿಹೆಗಲಿನವನನ್ನು ಗೋಡೆಯ ಹೊರಗೆ ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಪೇಟೆಯಲ್ಲಿ ಇಷ್ಟು ಚೊಕ್ಕ ವ್ಯವಹಾರವಿದ್ದಿದ್ದರೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು.

ಹಿಡಿದ ಮೇಲೆ ಗೋಡೆಯೇ ಆ ಜಾಗದಲ್ಲಿ ಒಳಕ್ಕೆ ತಗ್ಗುತ್ತದೆ. ಹಿಟ್ಟಿನ ಮುದ್ದೆಯಲ್ಲಿ ಹೆಬ್ಬೆರಳು ಒತ್ತಿದರೆ ಕುಣಿ ಬೀಳುತ್ತದಲ್ಲ, ಹಾಗೆ. ಆ ಕುಣಿಯ ಒಳಬದಿಗೆ ಬುಟ್ಟಿ ಹೆಣೆದಂತೆ ಇನ್ನೊಂದು ಪ್ರೋಟೀನು ಹೆಣೆದುಕೊಳ್ಳುತ್ತದೆ. ಕುಣಿ ಆಳವಾಗುತ್ತ ಹೋಗಿ, ಬಾಯಿ ಮುಚ್ಚಿ, ಒಂದು ಪುಟ್ಟ ಚೀಲವಾಗಿ ಒಳಗೆ ಕಳಚಿಕೊಳ್ಳುತ್ತದೆ. ಹಮಾಲ, ಹೊರೆ, ಹಿಡಿದ ಕೈ — ಮೂರೂ ಆ ಚೀಲದೊಳಗೆ. ಗೋಡೆ ಎಲ್ಲಿಯೂ ಒಡೆಯಲಿಲ್ಲ, ಬಾಗಿಲು ತೆರೆದು ಕಳ್ಳ ನುಗ್ಗಲಿಲ್ಲ. ಈ ಬುಟ್ಟಿ ಹೆಣೆದ ಕುಣಿಯನ್ನು ಮೊದಲು ಚೆನ್ನಾಗಿ ವರ್ಣಿಸಿದ್ದು ಎಲ್ಲಿ ಗೊತ್ತೇ? ಸೊಳ್ಳೆಯ ತತ್ತಿಯಲ್ಲಿ! ೧೯೬೪ರಲ್ಲಿ ಅಮೆರಿಕದ ರಾಥ್ ಮತ್ತು ಪೋರ್ಟರ್ ಎಂಬವರು, ಹೆಣ್ಣು ಸೊಳ್ಳೆ ರಕ್ತ ಕುಡಿದ ಮೇಲೆ ಅದರ ತತ್ತಿ ಪ್ರೋಟೀನನ್ನು ಹೇಗೆ ಒಳಗೆ ಎಳೆದುಕೊಳ್ಳುತ್ತದೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿದರು. ನಮ್ಮನ್ನು ಕಚ್ಚುವ ಸೊಳ್ಳೆಯೂ ನಾವೂ ಸರಕು ಇಳಿಸಿಕೊಳ್ಳುವ ರೀತಿ ಒಂದೇ ಎಂದಾಯಿತು.

ಇನ್ನು ಒಳಗೆ ಏನಾಗುತ್ತದೆ? ಅಷ್ಟು ಬಿಗಿಯಾಗಿ ಹಿಡಿದ ಹೊರೆಯನ್ನು ಹಮಾಲ ಬಿಡುವುದು ಹೇಗೆ? ಹಿತ್ತಾಳೆಯ ತಂಬಿಗೆಗೆ ಹಿಡಿದ ಕಿಲುಬು ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಹುಣಸೆಹುಳಿ ಹಚ್ಚಿದರೆ ಬಿಡುತ್ತದೆ. ಇಲ್ಲಿಯೂ ಹುಳಿಯೇ ಉಪಾಯ. ಆ ಪುಟ್ಟ ಚೀಲದೊಳಗೆ ಜೀವಕೋಶವು ಹುಳಿಯನ್ನು ಏರಿಸುತ್ತದೆ. ಬಹಳವೇನಲ್ಲ, ಮಜ್ಜಿಗೆಗಿಂತಲೂ ಕಡಿಮೆ ಹುಳಿ. ಅಷ್ಟಕ್ಕೇ ಟ್ರಾನ್ಸ್‌ಫೆರಿನ್ನಿನ ಹಿಡಿತ ಸಡಿಲಿ ಕಬ್ಬಿಣ ಕಳಚಿಕೊಳ್ಳುತ್ತದೆ, ಚೀಲದ ಗೋಡೆಯಲ್ಲಿರುವ ಸಣ್ಣ ಕಿಂಡಿಯಿಂದ ಜೀವಕೋಶದ ಒಳಕ್ಕೆ ಇಳಿಯುತ್ತದೆ. ಬರಿಹೆಗಲಿನ ಹಮಾಲನನ್ನು ಗ್ರಾಹಿ ಆಗಲೂ ಬಿಡುವುದಿಲ್ಲ. ಹುಳಿ ಇರುವ ತನಕ ಹಿಡಿದುಕೊಂಡೇ ಇರುತ್ತದೆ. ಚೀಲ ಮತ್ತೆ ಹೊರಗೋಡೆಗೆ ಬಂದು ಸೇರಿ, ಹೊರಗಿನ ರಕ್ತದ ಹುಳಿಯಿಲ್ಲದ ನೀರು ತಾಗಿದ ಕೂಡಲೇ ಬಿಟ್ಟುಬಿಡುತ್ತದೆ. ಹಮಾಲ ಇನ್ನೊಂದು ಹೊರೆಗೆ ಹೊರಟ, ಗ್ರಾಹಿ ಇನ್ನೊಬ್ಬ ಹಮಾಲನಿಗೆ ಕೈ ಚಾಚಿತು. ಈ ಇಡೀ ಸುತ್ತು ಮುಗಿಯಲು ಹತ್ತು-ಹನ್ನೆರಡು ನಿಮಿಷ ಸಾಕು. ಯಾವುದೂ ಹಾಳಾಗಲಿಲ್ಲ, ಯಾವುದನ್ನೂ ಬಿಸಾಡಲಿಲ್ಲ.

೧೯೫೯ರಲ್ಲಿ ಅಮೆರಿಕದ ಜೇಂಡಲ್ ಎಂಬ ಡಾಕ್ಟರು ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ಎಳೆಯ ಕೆಂಪುಕಣಗಳನ್ನು ತೆಗೆದುಕೊಂಡು, ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ರಸದಲ್ಲಿ ಅವುಗಳ ಹೊರಮೈಯನ್ನು ಸವರಿದರು. ಕಣಗಳು ಬದುಕಿಯೇ ಇದ್ದವು. ಆದರೆ ಟ್ರಾನ್ಸ್‌ಫೆರಿನ್ ತಂದ ಕಬ್ಬಿಣವನ್ನು ತೆಗೆದುಕೊಳ್ಳಲಾರದೆ ಹೋದವು. ಹೊರಗಿನ ಕೈ ಕತ್ತರಿಸಿದಂತಾಗಿತ್ತು. ಹಿಡಿಯುವ ಕೈ ಗೋಡೆಯ ಹೊರಗಡೆ ಇದೆ ಎಂಬುದು ಹೀಗೆ ತಿಳಿಯಿತು.

ಈಗ ಒಂದು ಲೆಕ್ಕ ಹಾಕೋಣ. ಯಾವುದೇ ಒಂದು ಗಳಿಗೆಯಲ್ಲಿ ರಕ್ತದ ಎಲ್ಲ ಹಮಾಲರ ಹೆಗಲ ಮೇಲಿರುವ ಕಬ್ಬಿಣ ಸುಮಾರು ಮೂರೇ ಮಿಲಿಗ್ರಾಮು. ಮಜ್ಜೆಗೆ ದಿನಕ್ಕೆ ಬೇಕಾದದ್ದು ಇಪ್ಪತ್ತಕ್ಕೂ ಮೇಲೆ. ಅಂದರೆ ಹೊರೆ ಏರಿಸಿ ಇಳಿಸುವ ಕೆಲಸ ದಿನಕ್ಕೆ ಏಳೆಂಟು ಸಲ ಪೂರ್ತಿಯಾಗಿ ನಡೆಯಬೇಕು. ಸರಕಿನ ಆವಕ ಕಡಿಮೆಯಾದರೆ ಮೊದಲು ಉಗ್ರಾಣ ಬರಿದಾಗುತ್ತದೆ, ಆಮೇಲೆ ಹಮಾಲರ ಹೆಗಲು ಬರಿದಾಗುತ್ತದೆ, ಕಡೆಗೆ ರಕ್ತ ಇಳಿಯುತ್ತದೆ. ಹೆಣ್ಣುಮಗಳ ಮುಖ ಬಿಳಿಚುವ ಹೊತ್ತಿಗೆ ಉಗ್ರಾಣ ಖಾಲಿಯಾಗಿ ಎಷ್ಟೋ ದಿನವಾಗಿರುತ್ತದೆ. ಗುಳಿಗೆ ಒಂದು ವಾರ ನುಂಗಿ "ಏನೂ ಆಗಲಿಲ್ಲ" ಎನ್ನುವವರು ಇದನ್ನು ಯೋಚಿಸಬೇಕು. ಮೊದಲು ರಕ್ತ ಏರಬೇಕು, ಅದಾದ ಮೇಲೆ ಉಗ್ರಾಣ ತುಂಬಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಅದು.

ಹಸಿದ ಜೀವಕೋಶವು ಸುಮ್ಮನೆ ಕೂಡುವುದಿಲ್ಲ. ಒಳಗೆ ಕಬ್ಬಿಣ ಕಡಿಮೆಯಾದಂತೆ ಅದು ಹೊರಮೈಯಲ್ಲಿ ಇನ್ನಷ್ಟು ಗ್ರಾಹಿಗಳನ್ನು ಚಾಚುತ್ತದೆ. ಹೊಟ್ಟೆ ತುಂಬಿದಾಗ ಕಡಿಮೆ ಮಾಡುತ್ತದೆ. ಆ ಗ್ರಾಹಿಗಳ ತುಣುಕುಗಳು ಕಳಚಿ ರಕ್ತದಲ್ಲಿ ಸಿಗುತ್ತವೆ. ದೊಡ್ಡ ಆಸ್ಪತ್ರೆಗಳಲ್ಲಿ ಅವನ್ನು ಅಳೆದು ಮೈಗೆ ಕಬ್ಬಿಣದ ಹಸಿವು ಎಷ್ಟಿದೆ ಎಂದು ಹೇಳಬಲ್ಲರು.

ಅತಿ ಹೆಚ್ಚು ಕೈ ಚಾಚುವ ಜಾಗಗಳಲ್ಲಿ ಒಂದು ಬಸುರಿಯ ಹೊಟ್ಟೆಯೊಳಗಿನ ಮಾಸು. ಕೂಸಿನ ಕಡೆಯಿಂದ ತಾಯಿಯ ರಕ್ತಕ್ಕೆ ಚಾಚಿದ ಈ ಗ್ರಾಹಿಗಳು ತಾಯಿಯ ಹಮಾಲರನ್ನು ಹಿಡಿದು ಹೊರೆ ಇಳಿಸಿಕೊಳ್ಳುತ್ತವೆ. ಕಡೆಯ ಮೂರು ತಿಂಗಳಲ್ಲಿ ಈ ಸೆಳೆತ ಬಹಳ. ತಾಯಿಗೆ ಸಾಕಷ್ಟು ಇದೆಯೋ ಇಲ್ಲವೋ ಎಂದು ಕೂಸು ಕೇಳುವುದಿಲ್ಲ. ತನ್ನ ಪಾಲನ್ನು ಸೆಳೆಯುತ್ತಲೇ ಇರುತ್ತದೆ. ತಾಯಿಯಲ್ಲಿ ತೀರ ಇಲ್ಲದಾಗ ಮಾತ್ರ ಅದಕ್ಕೂ ಕೊರತೆ. "ಬಸುರಿ ಇಬ್ಬರ ಊಟ ಉಣ್ಣಬೇಕು" ಎಂದು ಹಿರಿಯರು ಹೇಳುತ್ತ ಬಂದರು. ಅನ್ನ-ರೊಟ್ಟಿಯ ವಿಷಯದಲ್ಲಿ ಅದು ಅಷ್ಟೇನೂ ನಿಜವಲ್ಲ. ಕಬ್ಬಿಣದ ವಿಷಯದಲ್ಲಿ ಪೂರ್ತಿ ನಿಜ. ಇದೇ ಸಂದರ್ಭದಲ್ಲಿ ಇನ್ನೆರಡು ಮಾತು. ಕೂಸು ಹುಟ್ಟಿದೊಡನೆ ಹೊಕ್ಕುಳ ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕತ್ತರಿಸಿದರೆ ಅದರಲ್ಲಿರುವ ರಕ್ತ ಕೂಸಿನ ಮೈ ಸೇರುತ್ತದೆ, ಮುಂದಿನ ತಿಂಗಳುಗಳಿಗೆ ಕಬ್ಬಿಣದ ಗಂಟು ಆದಂತಾಗುತ್ತದೆ. ದಾದಿಯರಿಗೆ ಇದು ಗೊತ್ತು. ಅವರು ತಡೆದರೆ ಅವಸರ ಮಾಡಬೇಡಿರಿ. ಎರಡನೆಯದು, ಬಾಣಂತಿಯ ಮೊದಲ ಹಳದಿ ಹಾಲು. ಅದರಲ್ಲಿ ಟ್ರಾನ್ಸ್‌ಫೆರಿನ್ನಿನ ಅಣ್ಣತಮ್ಮನಂಥ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಹೇರಳವಾಗಿದೆ. ಕೂಸಿನ ಕರುಳಿನಲ್ಲಿ ಬಿಡಿ ಕಬ್ಬಿಣವನ್ನು ಹಿಡಿದು ಕ್ರಿಮಿಗಳಿಗೆ ಸಿಗದಂತೆ ಮಾಡುತ್ತದೆ. ಆ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಇಂದಿಗೇ ಬಿಡಿರಿ.

ಜೀವಕೋಶದ ಈ ಕೈಯನ್ನು ಕಳ್ಳರೂ ಬಲ್ಲರು. ನಮ್ಮ ದೇಶದ ಮಲೇರಿಯಾದಲ್ಲಿ ವೈವಾಕ್ಸ್ ಎಂಬ ಒಂದು ಜಾತಿ ಇದೆ. ಅದು ಎಳೆಯ ಕೆಂಪುಕಣಗಳನ್ನೇ ಹುಡುಕಿ ಹೊಗುತ್ತದೆ. ಏಕೆಂದು ಬಹಳ ಕಾಲ ತಿಳಿದಿರಲಿಲ್ಲ. ೨೦೧೮ರಲ್ಲಿ ಗೊತ್ತಾಯಿತು: ಅದು ಹಿಡಿಯುವುದು ಟ್ರಾನ್ಸ್‌ಫೆರಿನ್ನಿನ ಗ್ರಾಹಿಯನ್ನೇ. ಕೆಂಪುಕಣ ಬಲಿತ ಮೇಲೆ ಆ ಗ್ರಾಹಿಗಳನ್ನು ಉದುರಿಸಿಬಿಡುತ್ತದೆ, ಆಗ ಈ ಕಳ್ಳನಿಗೆ ಹಿಡಿಕೆ ಸಿಗುವುದಿಲ್ಲ. ಮನೆಯವರಿಗೆಂದು ಇಟ್ಟ ಅಗಳಿಯನ್ನು ಹೊರಗಿನವನು ತೆಗೆದಂತೆ.

ಕಬ್ಬಿಣಕ್ಕೆ ಮಾತ್ರ ಈ ದಾರಿ ಎಂದು ತಿಳಿಯಬಾರದು. ರಕ್ತದಲ್ಲಿ ಕೊಬ್ಬನ್ನು ಹೊತ್ತು ತಿರುಗುವ ಪ್ರೋಟೀನಿನ ಗುಳಿಗೆಗಳನ್ನೂ ಜೀವಕೋಶಗಳು ಹೀಗೆಯೇ ಹಿಡಿದು ನುಂಗುತ್ತವೆ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಆ ಗ್ರಾಹಿ ದೋಷಪಟ್ಟಿರುತ್ತದೆ. ಕೊಬ್ಬು ರಕ್ತದಲ್ಲೇ ಉಳಿದು ಚಿಕ್ಕ ವಯಸ್ಸಿನಲ್ಲೇ ಎದೆಯ ನೋವು ಬರುತ್ತದೆ. ಇದನ್ನು ಬಿಡಿಸಿ ತೋರಿಸಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಇಬ್ಬರಿಗೂ ೧೯೮೫ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ನಮ್ಮ ಕಡೆಯ ಸಸ್ಯಾಹಾರಿಗಳು ಮುಖ್ಯವಾಗಿ ಕೇಳಬೇಕಾದ ಇನ್ನೊಂದು ಸಂಗತಿ ಬಿ-೧೨ ಜೀವಸತ್ವದ್ದು. ಇದೂ ರಕ್ತ ಹುಟ್ಟಲು ಬೇಕು, ನರಗಳಿಗೂ ಬೇಕು. ಜಠರದಲ್ಲಿ ಹುಟ್ಟುವ ಒಂದು ಪ್ರೋಟೀನು ಈ ಜೀವಸತ್ವವನ್ನು ಅಪ್ಪಿಕೊಂಡು ಸಣ್ಣ ಕರುಳಿನ ಕೊನೆಯ ಭಾಗದವರೆಗೆ ಹೋಗುತ್ತದೆ. ಅಲ್ಲಿಯ ಜೀವಕೋಶದ ಗ್ರಾಹಿ ಇವೆರಡನ್ನೂ ಜೋಡಿಯಾಗಿದ್ದರೆ ಮಾತ್ರ ಹಿಡಿಯುತ್ತದೆ. ದಂಪತಿ ಸಮೇತ ಬಂದರೆ ಮಾತ್ರ ಪೂಜೆಗೆ ಕೂಡಿಸಿಕೊಳ್ಳುವಂತೆ! ವಯಸ್ಸಾದವರಲ್ಲಿ ಕೆಲವರಿಗೆ ಜಠರದ ಆ ಪ್ರೋಟೀನು ಬತ್ತುತ್ತದೆ. ಅಂಥವರು ಎಷ್ಟು ಉಂಡರೂ ಪ್ರಯೋಜನವಿಲ್ಲ, ಸೂಜಿಯ ಔಷಧವೇ ಬೇಕಾಗಬಹುದು. ಬಿ-೧೨ ಸೊಪ್ಪು-ಕಾಳುಗಳಲ್ಲಿ ಇಲ್ಲ. ಹಾಲು, ಮೊಸರು, ತತ್ತಿ, ಮಾಂಸಗಳಲ್ಲಿದೆ. ಎಮ್ಮೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯ ಹೆಂಗಸರಿಗೆ ಕರಿ ಚಹಾ ಉಳಿಸುವವರು ಇದನ್ನು ಗಮನಿಸಬೇಕು. ಕಾಲು ಜುಮ್ಮೆನ್ನುವುದು, ನಾಲಿಗೆ ಉರಿಯುವುದು ಇದ್ದರೆ ಡಾಕ್ಟರಿಗೆ ತೋರಿಸಿರಿ.

ಚಹಾದ ಮಾತು ಬಂತು. ಕಬ್ಬಿಣದ ದಾರಿ ಶುರುವಾಗುವುದು ಕರುಳಿನ ಬಾಗಿಲಿನಲ್ಲಿ. ಅಲ್ಲಿಯೇ ಸರಕು ತಡೆಹಿಡಿಯಲ್ಪಟ್ಟರೆ ಒಳಗಿನ ಹಮಾಲರಿಗೆ ಹೊರುವುದಕ್ಕೆ ಏನಿದೆ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವಿಜ್ಞಾನಿಗಳು ತರುಣ ಹೆಣ್ಣುಮಕ್ಕಳಿಗೆ ಅನ್ನದ ಊಟ ಕೊಟ್ಟು, ಅದರ ಕಬ್ಬಿಣ ಎಷ್ಟು ಮೈಗೆ ಹತ್ತುತ್ತದೆ ಎಂದು ಅಳೆದು ೨೦೦೮ರಲ್ಲಿ ಪ್ರಕಟಿಸಿದರು. ಊಟದ ಜೊತೆ ಒಂದು ಕಪ್ಪು ಚಹಾ ಕುಡಿದರೆ ಹೀರಿಕೆ ಸುಮಾರು ಅರ್ಧಕ್ಕೆ ಇಳಿಯಿತು. ಎರಡು ಕಪ್ಪು ಕುಡಿದರೆ ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯಿತು. ಅದೇ ಊಟಕ್ಕೆ ಸಿ ಜೀವಸತ್ವ ಸೇರಿಸಿದರೆ ಹೀರಿಕೆ ಎರಡು ಪಟ್ಟಿಗೂ ಮಿಗಿಲಾಗಿ ಏರಿತು. ಇದು ಪರದೇಶದವರ ಲೆಕ್ಕವಲ್ಲ; ನಮ್ಮ ರಾಜ್ಯದಲ್ಲಿ, ನಮ್ಮ ಹೆಣ್ಣುಮಕ್ಕಳಲ್ಲಿ, ನಮ್ಮ ಊಟದಲ್ಲೇ ಕಂಡದ್ದು. ಆದ್ದರಿಂದ ಊಟಕ್ಕೂ ಗುಳಿಗೆಗೂ ಚಹಾಕ್ಕೂ ನಡುವೆ ಒಂದು ತಾಸಾದರೂ ಅಂತರವಿರಲಿ. ಸುಣ್ಣದಂಶದ ಗುಳಿಗೆಯನ್ನೂ ಕಬ್ಬಿಣದ ಗುಳಿಗೆಯ ಜೊತೆ ನುಂಗಬೇಡಿರಿ. ಒಂದು ಬೆಳಿಗ್ಗೆಯಾದರೆ ಇನ್ನೊಂದು ಸಂಜೆ. ಊಟದಲ್ಲಿ ಅರ್ಧ ಲಿಂಬೆಹಣ್ಣು ಹಿಂಡಿಕೊಳ್ಳಿರಿ, ಪೇರಲಹಣ್ಣು, ನೆಲ್ಲಿಕಾಯಿ ತಿನ್ನಿರಿ. ಜೋಳ, ಕಾಳುಗಳಲ್ಲಿ ಕಬ್ಬಿಣ ಇದ್ದರೂ ಅದನ್ನು ಕಟ್ಟಿಹಾಕುವ ವಸ್ತುವೂ ಇದೆ. ಹೆಸರು, ಮಡಕಿ ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಆ ಕಟ್ಟು ಸಡಿಲಾಗುತ್ತದೆ. ಪುಂಡಿಪಲ್ಯದಂಥ ಹುಳಿ ಪದಾರ್ಥವನ್ನು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಸೇರುತ್ತದೆ.

ಮೆಣಸಿನಕಾಯಿಯ ಊರಿನವರಿಗೆ ಒಂದು ಕುತೂಹಲದ ಸಂಗತಿ ಹೇಳುತ್ತೇನೆ. ಸಿ ಜೀವಸತ್ವವನ್ನು ಶುದ್ಧರೂಪದಲ್ಲಿ ಹೇರಳವಾಗಿ ತೆಗೆದದ್ದು ಮೆಣಸಿನಕಾಯಿಯಿಂದ. ಹಂಗೇರಿ ದೇಶದ ಸೆಗೆಡ್ ಎಂಬ ಪಟ್ಟಣ ಕೆಂಪು ಬಣ್ಣದ, ಖಾರ ಕಡಿಮೆಯಾದ ಪಾಪ್ರಿಕಾ ಮೆಣಸಿನಕಾಯಿಗೆ ಹೆಸರಾದದ್ದು. ಅದರ ಗುಣ ನಮ್ಮ ಬ್ಯಾಡಗಿ ಕಾಯಿಯನ್ನು ನೆನಪಿಗೆ ತರುವಂಥದು. ಅಲ್ಲಿಯ ಸೆಂಟ್-ಜಾರ್ಜಿ ಎಂಬ ವಿಜ್ಞಾನಿ ೧೯೩೦ರ ದಶಕದ ಆರಂಭದಲ್ಲಿ ಊರಿನ ಬೆಳೆಯಿಂದಲೇ ಅದನ್ನು ತೆಗೆದರು, ೧೯೩೭ರಲ್ಲಿ ನೊಬೆಲ್ ಪಡೆದರು. ೨೦೧೧ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಾಯಿಗೆ ಬಣ್ಣದಿಂದ ಬೆಲೆ. ಆದರೆ ಕಣದಲ್ಲಿ ಒಣಗಿದ ಕಾಯಿಯಲ್ಲಿ ಸಿ ಜೀವಸತ್ವ ಬಹಳಷ್ಟು ಹೋಗಿಬಿಟ್ಟಿರುತ್ತದೆ. ರೊಟ್ಟಿಯ ಜೊತೆ ಕಡಿಯುವ ಹಸಿ ಮೆಣಸಿನಕಾಯಿಯಲ್ಲಿ ಅದು ಉಳಿದಿದೆ. ಹಾಗೆಂದು ಬಸುರಿಗೆ ಮುಷ್ಟಿಗಟ್ಟಲೆ ಹಸಿಮೆಣಸಿನಕಾಯಿ ತಿನ್ನಿಸಲು ಹೋಗಬೇಡಿರಿ, ಲಿಂಬೆಹಣ್ಣು ಇದೆ.

ಗುಳಿಗೆ ಸರಿಯಾಗಿ ನುಂಗಿಯೂ ರಕ್ತ ಏರದವರಿದ್ದಾರೆ. ಅವರನ್ನು ಸುಳ್ಳರೆನ್ನಬಾರದು. ಮೈಯಲ್ಲಿ ಬೇನೆ, ಸೋಂಕು ಇದ್ದಾಗ ಪಿತ್ತಜನಕಾಂಗವು ಹೆಪ್ಸಿಡಿನ್ ಎಂಬ ರಸವನ್ನು ಹೊರಡಿಸಿ ಕರುಳಿನ ಬಾಗಿಲನ್ನು ಮುಚ್ಚಿಸುತ್ತದೆ. ಕ್ರಿಮಿಗಳಿಗೆ ಕಬ್ಬಿಣ ಸಿಗಬಾರದೆಂಬ ಉಪಾಯ ಅದು. ಇನ್ನು ಕೊಕ್ಕೆಹುಳ ಕರುಳಿನಲ್ಲಿ ಕುಳಿತು ರಕ್ತ ಹೀರುತ್ತಿದ್ದರೆ, ತೂತುಬಿದ್ದ ಕೊಡಕ್ಕೆ ನೀರು ಹಾಕಿದಂತೆ. ಬರಿಗಾಲಿನಲ್ಲಿ ಹೊಲಸು ನೆಲ ತುಳಿದಾಗ ಪಾದದ ಚರ್ಮದಿಂದ ಅದು ಒಳಹೊಗುತ್ತದೆ. ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಹುಳದ ಗುಳಿಗೆ ಕೊಡುವ ದಿನ ತಪ್ಪಿಸಬೇಡಿರಿ. ಬಸುರಿಯರು ದಾದಿಯನ್ನು ಕೇಳಿ ತೆಗೆದುಕೊಳ್ಳಬೇಕು. ಮತ್ತೆ ಕೆಲವರಿಗೆ ಹುಟ್ಟಿನಿಂದಲೇ ಹಿಮೋಗ್ಲೋಬಿನ್ನಿನ ದೋಷ ಇರುತ್ತದೆ — ಕುಡಗೋಲು ಕಣದ ರೋಗ, ಥಲಸೀಮಿಯಾ. ಇವರಲ್ಲಿ ಕೆಂಪುಕಣ ಬೇಗ ಒಡೆಯುತ್ತದೆ. ಒಡೆದು ಹೊರಬಿದ್ದ ಹಿಮೋಗ್ಲೋಬಿನ್ನನ್ನು ಹ್ಯಾಪ್ಟೋಗ್ಲೋಬಿನ್ ಎಂಬ ಇನ್ನೊಬ್ಬ ಆಳು ಹಿಡಿದುಕೊಳ್ಳುತ್ತಾನೆ, ಆ ಜೋಡಿಯನ್ನು ಕಸ ನುಂಗುವ ಜೀವಕೋಶಗಳ ಗ್ರಾಹಿ ಹಿಡಿದು ಒಳಗೆ ಎಳೆಯುತ್ತದೆ. ಅಂಥವರ ಮೈಯಲ್ಲಿ ಕಬ್ಬಿಣ ಕಡಿಮೆ ಇಲ್ಲದೆಯೂ ರಕ್ತ ಕಡಿಮೆ ಇರಬಹುದು. ಆದ್ದರಿಂದ ತಿಂಗಳುಗಟ್ಟಲೆ ಗುಳಿಗೆ ನುಂಗಿಯೂ ಏರದಿದ್ದರೆ ತಾವೇ ಹೆಚ್ಚು ನುಂಗದೆ ರಕ್ತದ ಪರೀಕ್ಷೆ ಮಾಡಿಸಬೇಕು.

ಕೂಸು ಕರ್ರಗಾಗುವ ಮಾತಿಗೆ ಬರೋಣ. ಇಷ್ಟು ಹೊತ್ತು ಕಬ್ಬಿಣದ ದಾರಿ ನೋಡಿದಿರಿ. ಅದರಲ್ಲಿ ಚರ್ಮದ ಬಣ್ಣದ ಮನೆ ಎಲ್ಲಿಯೂ ಬರಲಿಲ್ಲ. ಕೂಸಿನ ಬಣ್ಣ ತಂದೆತಾಯಿಗಳಿಂದ ಬಂದದ್ದು. ಕರ್ರಗಾಗುವುದು ಮಲ ಮಾತ್ರ. ಕರುಳು ಹೀರದೆ ಬಿಟ್ಟ ಕಬ್ಬಿಣ ಹಾಗೆ ಹೊರಬೀಳುತ್ತದೆ, ಹೆದರಬೇಕಾದ್ದಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾಗಿ ಒಂದು ತಾಸಿನ ಮೇಲೆ ನುಂಗಿ ಮಲಗಿರಿ. ಬಸುರಿನ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ೧೮೦ ದಿನ, ಹೆರಿಗೆಯಾದ ಮೇಲೆ ಮತ್ತೆ ೧೮೦ ದಿನ. ೬೦ ಮಿಲಿಗ್ರಾಮು ಕಬ್ಬಿಣದ ಈ ಗುಳಿಗೆಯಲ್ಲಿ ಫೋಲಿಕ್ ಆಮ್ಲವೂ ಇದೆ. ೧೦ರಿಂದ ೧೯ ವರ್ಷದ ಹುಡುಗ-ಹುಡುಗಿಯರಿಗೆ ವಾರಕ್ಕೊಂದು ನೀಲಿ ಗುಳಿಗೆ. ರಕ್ತದ ಪರೀಕ್ಷೆಯಲ್ಲಿ ಬಸುರಿಗೆ ಹಿಮೋಗ್ಲೋಬಿನ್ ೧೧ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ. ೭ಕ್ಕಿಂತ ಕಡಿಮೆ ಎಂದರೆ ಗುಳಿಗೆಯನ್ನು ನಂಬಿ ಮನೆಯಲ್ಲಿ ಕೂಡುವಂತಿಲ್ಲ, ಆಸ್ಪತ್ರೆಗೆ ಹೋಗಲೇಬೇಕು.

ಕೊನೆಯದಾಗಿ ಆ ಖಾಲಿ ಹೆಗಲಿನ ಮಾತು. ಕೆಂಪು ಗುಳಿಗೆ ನೋಡಲು ಪೆಪ್ಪರಮೆಂಟಿನಂತೆ, ಮೇಲೆ ಸಕ್ಕರೆಯ ಲೇಪ ಬೇರೆ. ಅಂಬೆಗಾಲಿಡುವ ಕೂಸು ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಎಲ್ಲ ಹಮಾಲರ ಹೆಗಲು ತುಂಬಿ, ಮಿಕ್ಕ ಕಬ್ಬಿಣ ಬಿಡಿಯಾಗಿ ರಕ್ತದಲ್ಲಿ ಹರಿಯುತ್ತದೆ. ಕರುಳನ್ನೂ ಪಿತ್ತಜನಕಾಂಗವನ್ನೂ ಸುಡುತ್ತದೆ. ಮೊದಲು ವಾಂತಿ-ಭೇದಿಯಾಗಿ ನಡುವೆ ಕೆಲವು ತಾಸು ಕೂಸು ಸುಧಾರಿಸಿದಂತೆ ಕಾಣುವುದುಂಟು, ಅದನ್ನು ನಂಬಬಾರದು. ಗುಳಿಗೆಯ ಪಟ್ಟಿಯನ್ನು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಬಾಗಿಲಿರುವ ಕಪಾಟಿನಲ್ಲಿ ಇಡಿರಿ. ನುಂಗಿದ್ದು ಗೊತ್ತಾದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಬ್ಯಾಡಗಿಯ ಆಸ್ಪತ್ರೆಗೆ ಒಯ್ಯಿರಿ, ಎಷ್ಟು ಗುಳಿಗೆ ಹೋಗಿವೆ ಎಂದು ಡಾಕ್ಟರಿಗೆ ಎಣಿಸಲು ಬರುವಂತೆ ಉಳಿದ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿರಿ.